ಹಾಲು ಬಿಟ್ಟ ಮಗುವಿನ ಎಲುಬಿಗೆ ಏನು ಕೊಡಬೇಕು, ಏನು ಬೇಡ: ಗ್ಯಾಲಕ್ಟೋಸೀಮಿಯಾ ಇರುವ ಮನೆಗೆ ಒಂದು ಹೋಲಿಕೆ

"ಹಾಲ್ ಕುಡಸ್ಲಾರದ ಎಲುಬು ಹ್ಯಾಂಗ ಗಟ್ಟಿ ಆಗ್ತಾವವ್ವಾ?" ಕಲಬುರಗಿಯ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರು 11 ವರ್ಷದಿಂದ ನನ್ನನ್ನು ಇದೇ ಮಾತು ಕೇಳುತ್ತಿದ್ದಾರೆ. ನನಗೆ ಬೇಜಾರಿಲ್ಲ. ಮಗಳು ಹುಟ್ಟಿದ ಎರಡನೇ ವಾರ, ಕಾಮಾಲೆ ಇಳಿಯದೆ, ವಾಂತಿ ನಿಲ್ಲದೆ, ಕೊನೆಗೆ ಡಾಕ್ಟರ್ "ಇವತ್ತಿನಿಂದ ಎದೆಹಾಲೂ ಬೇಡ" ಅಂದಾಗ ನಾನು ಕೇಳಿದ ಮೊದಲ ಪ್ರಶ್ನೆಯೂ ಅದೇ ಆಗಿತ್ತು.

ಈ ಬರಹ ಅದೇ ಪ್ರಶ್ನೆ ಇರುವ ಮನೆಗಳಿಗೆ. ಗ್ಯಾಲಕ್ಟೋಸೀಮಿಯಾ ಅಂದರೆ ಏನು ಅಂತ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದು ಹೊಟ್ಟೆಯಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ. ಈ ಮಕ್ಕಳಿಗೆ ಗ್ಯಾಲಕ್ಟೋಸನ್ನು ಬಳಸಿಕೊಳ್ಳುವ ಜಿಎಎಲ್‌ಟಿ ಎಂಬ ಕಿಣ್ವ ಹುಟ್ಟಿನಿಂದಲೇ ಇಲ್ಲ. ಅಪ್ಪ, ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ 25%. ನಮ್ಮ ಕಡೆ ಸಂಬಂಧದಲ್ಲೇ ಮದುವೆ ಜಾಸ್ತಿ, ಅದಕ್ಕೇ ಇಂಥ ಕಾಯಿಲೆಗಳು ಸ್ವಲ್ಪ ಹೆಚ್ಚು ಕಾಣುತ್ತವೆ. ಯಾರ ತಪ್ಪೂ ಅಲ್ಲ. ಹಾಲು ಬಿಡುವುದು ಜೀವನಪೂರ್ತಿ.

ಎಲುಬು ಸಡಿಲ ಆಗುವುದಕ್ಕೆ ಹಾಲಿಲ್ಲದ್ದು ಒಂದೇ ಕಾರಣ ಅಂತ ನಾನು ಬಹಳ ವರ್ಷ ನಂಬಿದ್ದೆ. ಅಲ್ಲ. ಹೆಣ್ಣುಮಕ್ಕಳಲ್ಲಿ ಹಾರ್ಮೋನಿನ ಕೊರತೆ ಅದಕ್ಕಿಂತ ದೊಡ್ಡ ಕಾರಣ ಆಗಬಹುದು. ಅದನ್ನು ಕೊನೆಗೆ ಬರೆದಿದ್ದೇನೆ. ದಯವಿಟ್ಟು ಅಲ್ಲಿವರೆಗೂ ಓದಿ.

ಹಾಲಿನ ಬದಲಿಗೆ ಯಾವುದು

ಮೊದಲು ಜೀವಕ್ಕೆ ಸಂಬಂಧಪಟ್ಟದ್ದು. ಅಂಗಡಿಯಲ್ಲಿ 'ಲ್ಯಾಕ್ಟೋಸ್ ಫ್ರೀ ಹಾಲು' ಅಂತ ಡಬ್ಬಿ ಸಿಗುತ್ತದೆ. ನೋಡಿದ ತಕ್ಷಣ ಇದು ನಮ್ಮ ಮಗುವಿಗೇ ಮಾಡಿದ್ದು ಅನಿಸುತ್ತದೆ, ಅಲ್ವಾ? ಕೊಡಲೇಬೇಡಿ. ಅದರಲ್ಲಿ ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ ಅಷ್ಟೆ, ಒಡೆದು ಬಂದ ಗ್ಯಾಲಕ್ಟೋಸ್ ಪೂರ್ತಿ ಒಳಗೇ ಇರುತ್ತದೆ. ಅದು ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ, ನಮ್ಮ ಮಕ್ಕಳಿಗಲ್ಲ. ಆಡಿನ ಹಾಲು, ಎಮ್ಮೆ ಹಾಲು, ಎ2 ಹಾಲು ಯಾವುದೂ ಬೇಡ, ಎಲ್ಲದರಲ್ಲೂ ಲ್ಯಾಕ್ಟೋಸ್ ಇದೆ. ಮೊಸರು, ಮಜ್ಜಿಗೆ ಹುಳಿ ಆಗಿದೆ, ಏನೂ ಆಗಲ್ಲ ಅಂತ ಹೇಳುವವರು ಇದ್ದಾರೆ. ಹೆಪ್ಪಿನ ಬ್ಯಾಕ್ಟೀರಿಯಾ ಗ್ಲೂಕೋಸನ್ನು ಮೊದಲು ತಿನ್ನುತ್ತದೆ, ಗ್ಯಾಲಕ್ಟೋಸ್ ಉಳಿದುಬಿಡುತ್ತದೆ. ಅದೂ ಬೇಡ. ಪನೀರ್, ಖೋವಾ, ಪೇಡಾ ಹೇಳುವುದೇ ಬೇಡ.

ಉಳಿದದ್ದು ಸೋಯಾ ಹಾಲು ಮತ್ತು ಬಾದಾಮಿ ಹಾಲು. ಇವೆರಡರಲ್ಲಿ ನಾನು ಕಣ್ಣು ಮುಚ್ಚಿ ಸೋಯಾ ಅಂತೀನಿ. ಆದರೆ ಎಲ್ಲ ಸೋಯಾ ಒಂದೇ ಅಲ್ಲ. ಮನೆಯಲ್ಲಿ ರುಬ್ಬಿ ಸೋಸಿದ ಸೋಯಾ ಹಾಲಿನಲ್ಲಿ ಪ್ರೋಟೀನ್ ಇದೆ, ಕ್ಯಾಲ್ಸಿಯಂ ತೀರಾ ಕಡಿಮೆ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದ್ದರಿಂದ ಸೋಯಾ ಡಬ್ಬಿಯ ಹಿಂದೆ ನೋಡಿ: ಕ್ಯಾಲ್ಸಿಯಂ ಬೇರೆಯಾಗಿ ಸೇರಿಸಿರಬೇಕು, 100 ಮಿ.ಲೀ.ಗೆ 120ರ ಹತ್ತಿರ ಇರಬೇಕು. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಹಾಗಾಗಿ ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕಿ. ನಾವು ಮೊದಲ ಎರಡು ವರ್ಷ ಕುಲುಕದೇ ಕೊಟ್ಟಿದ್ದೇವೆ, ಡಬ್ಬಿ ಕತ್ತರಿಸಿ ನೋಡಿದ ದಿನ ತಳದಲ್ಲಿ ಬೆಳ್ಳಗೆ ಸುಣ್ಣದ ಪದರದಂತೆ ಅಂಟಿತ್ತು. ಬಾದಾಮಿ ಹಾಲು ರುಚಿಗೆ ಸರಿ. ಎಲುಬಿಗೆ ಅಂತ ದುಡ್ಡು ಹಾಕಬೇಡಿ.

ಕೂಸು ಇನ್ನೂ ಎದೆಹಾಲಿನ ವಯಸ್ಸಿನದಾದರೆ ಅಂಗಡಿ ಸೋಯಾ ಹಾಲಲ್ಲ, ಡಾಕ್ಟರ್ ಬರೆದುಕೊಡುವ ಸೋಯಾ ಫಾರ್ಮುಲಾ ಪುಡಿಯೇ ಬೇಕು.

ತಾಟಿನಲ್ಲಿ ಏನಿರಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 4ರಿಂದ 6 ವರ್ಷದವರಿಗೆ 550 ಮಿ.ಗ್ರಾಂ, 7ರಿಂದ 9ಕ್ಕೆ 650, 10ರಿಂದ 12ಕ್ಕೆ 850, 13ರಿಂದ 15ಕ್ಕೆ 1000. ನಮ್ಮ ಮನೆಯ ಊಟ ಜೋಳದ ರೊಟ್ಟಿ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 28 ಮಿ.ಗ್ರಾಂ ಮಾತ್ರ. ರಾಗಿಯಲ್ಲಿ ಸುಮಾರು 360. ಈ ಎರಡು ಸಂಖ್ಯೆ ಪಕ್ಕಪಕ್ಕ ನೋಡಿದ ದಿನ ನಾನು ರಾಗಿ ಹಿಟ್ಟು ತರಿಸಿದೆ.

ಆದರೆ ಕಲಬುರಗಿಯ ಮನೆಯಲ್ಲಿ ರಾಗಿ ಮುದ್ದೆ ನಡೆಯಲ್ಲ. ಮಗಳು ಎರಡು ತುತ್ತು ನುಂಗಿ ಎದ್ದಳು. ಹಾಗಾಗಿ ರೊಟ್ಟಿಯಲ್ಲೇ ಸೇರಿಸಿದೆವು: ಎರಡು ಪಾಲು ಜೋಳ, ಒಂದು ಪಾಲು ರಾಗಿ. ತಣ್ಣೀರಲ್ಲಿ ನಾದಿದರೆ ಬಡಿಯುವಾಗ ಅಂಚು ಬಿಡುತ್ತದೆ. ಕುದಿಯುವ ಎಸರು ಹಾಕಿ, ಮುಚ್ಚಿಟ್ಟು, ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ನಾದಿ, ಆಗ ಅಂಗೈ ಕೆಳಗೆ ಸುತ್ತ ತಿರುಗುತ್ತದೆ, ಒಡೆಯಲ್ಲ. ಬಣ್ಣ ಸ್ವಲ್ಪ ಕಪ್ಪು, ಅಷ್ಟೆ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿಸಿದರೆ ಇನ್ನೂ ಒಳ್ಳೆಯದು, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ.

ಎಳ್ಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಂಕ್ರಾಂತಿಗೆ ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಒತ್ತುತ್ತೇವೆ, 'ಎಳ್ಳಿನಷ್ಟು ಕ್ಯಾಲ್ಸಿಯಂ ಯಾವುದರಲ್ಲೂ ಇಲ್ಲ' ಅಂತ ಎಲ್ಲರೂ ಹೇಳುತ್ತಾರೆ. ಸಿಪ್ಪೆ ಇರುವ ಎಳ್ಳಿನಲ್ಲಿ 100 ಗ್ರಾಂಗೆ 1000 ಮಿ.ಗ್ರಾಂ ದಾಟುವುದು ನಿಜ. ಆದರೆ ಅದರಲ್ಲಿ ಬಹಳಷ್ಟು ಸಿಪ್ಪೆಯಲ್ಲಿದೆ, ಆಕ್ಸಲೇಟ್ ಎಂಬ ಅಂಶದ ಜೊತೆ ಗಟ್ಟಿಯಾಗಿ ಕೂತಿದೆ, ದೇಹಕ್ಕೆ ಸುಲಭವಾಗಿ ಸಿಗಲ್ಲ. ತೊಳೆದು ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಕ್ಯಾಲ್ಸಿಯಮ್ಮೇ ಬಹಳ ಕಮ್ಮಿ. ಅಂದರೆ ಎಳ್ಳಿನ ಹಿಂಡಿ (ಚಟ್ನಿಪುಡಿ) ದಿನಾ ಒಂದು ಚಮಚ ಇರಲಿ, ರುಚಿಗೂ ಒಳ್ಳೆಯದು, ಆದರೆ ಲೆಕ್ಕದಲ್ಲಿ ಅದನ್ನೇ ನಂಬಿ ಕೂರಬೇಡಿ.

ಸೊಪ್ಪಿನಲ್ಲೂ ಇದೇ ಮಾತು. ಪಾಲಕ್‌ನಲ್ಲಿರುವ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ದಕ್ಕುವುದು ಸುಮಾರು 5% ಮಾತ್ರ, ಹಾಲಿನದು ಸುಮಾರು 30% ದಕ್ಕುತ್ತದೆ. ಎಲುಬಿಗೆ ಅಂತ ಪಾಲಕ್ ತರಬೇಡಿ. ನುಗ್ಗೆ ಸೊಪ್ಪು ತನ್ನಿ, ಅದರಲ್ಲಿ 100 ಗ್ರಾಂಗೆ 300 ಮಿ.ಗ್ರಾಂ ದಾಟುತ್ತದೆ, ಗಿಡ ಹಿತ್ತಲಲ್ಲೇ ಇರುತ್ತದೆ. ಬೇಳೆಗೆ ಹಾಕಿ, ಪಲ್ಯ ಮಾಡಿ.

ಬೇಳೆ ಅಂದ ತಕ್ಷಣ ನೆನಪಾಯಿತು. ಹಳೆಯ ಆಹಾರ ಪಟ್ಟಿಗಳಲ್ಲಿ ಕಾಳು, ಬೇಳೆ ನಿಷೇಧ ಅಂತ ಬರೆದಿರುತ್ತಾರೆ, ಅವುಗಳಲ್ಲೂ ಗ್ಯಾಲಕ್ಟೋಸ್ ಇದೆ ಅಂತ. ತೊಗರಿಯ ನಾಡಿನಲ್ಲಿ ತೊಗರಿಬೇಳೆ ಬಿಡು ಅಂದರೆ ಮಗು ಏನು ತಿನ್ನಬೇಕು? ನಾವು ಒಂದು ವರ್ಷ ಬಿಟ್ಟಿದ್ದೆವು, ಮಗಳ ತೂಕ ಏರಲೇ ಇಲ್ಲ. ಬೇಳೆಯಲ್ಲಿ ಗ್ಯಾಲಕ್ಟೋಸ್ ಕಟ್ಟಿಕೊಂಡಿರುವ ರೀತಿ ಬೇರೆ, ನಮ್ಮ ಕರುಳಿನ ಕಿಣ್ವಗಳಿಗೆ ಅದನ್ನು ಬಿಡಿಸಲು ಬರುವುದಿಲ್ಲ. 2017ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ: ಬಿಡಬೇಕಾದದ್ದು ಹಾಲಿನ ಪದಾರ್ಥ. ಹಣ್ಣು, ತರಕಾರಿ, ಕಾಳು, ಬೇಳೆ ತಿನ್ನಬಹುದು. ನಿಮ್ಮ ಕೈಯಲ್ಲಿ ಹಳೆಯ ಪಟ್ಟಿ ಇದ್ದರೆ ಡಾಕ್ಟರ್ ಹತ್ತಿರ ಹೋಗಿ ಬದಲಾಯಿಸಿಕೊಳ್ಳಿ.

ಸುಣ್ಣ. ಗೋಧಿ ಕಾಳಿನಷ್ಟು ಎಲೆಯಡಿಕೆ ಸುಣ್ಣ ನೀರಲ್ಲಿ ಕಲಸಿ ಕೊಡಿ ಅಂತ ಹೇಳುವವರು ಬಹಳ. ಬೇಡ. ಬಾಯಿ, ಗಂಟಲು ಸುಡುತ್ತದೆ, ಎಷ್ಟು ಹೋಯಿತು ಅಂತ ಅಳತೆಯೂ ಇಲ್ಲ.

ಶಾಲೆಗೆ ಹೋಗುವ ಮಗುವಾದರೆ ಇನ್ನೊಂದು ಕೆಲಸ. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರ ಭಾಗ್ಯದ ಹಾಲು ಕೊಡುತ್ತಾರೆ. ಈಗ ರಾಗಿ ಮಾಲ್ಟ್ ಕೂಡ ಬಂದಿದೆ, ರಾಗಿ ಅಂತ ನಾವು ಖುಷಿ ಪಡುವ ಹಾಗಿಲ್ಲ, ಅದನ್ನು ಹಾಲಲ್ಲೇ ಕಲಸಿ ಕೊಡುವುದು. ಮುಖ್ಯ ಗುರುಗಳಿಗೆ ಮತ್ತು ಅಡುಗೆ ಮಾಡುವ ಅಕ್ಕನಿಗೆ ಇಬ್ಬರಿಗೂ ಬಾಯಿಬಿಟ್ಟು ಹೇಳಿ, ಕಾಗದದಲ್ಲೂ ಕೊಡಿ. ಮೊಟ್ಟೆ, ಬಾಳೆಹಣ್ಣು ಕೊಟ್ಟರೆ ತಿನ್ನಲಿ, ತೊಂದರೆ ಇಲ್ಲ.

ಗುಳಿಗೆ: ಕಾರ್ಬೊನೇಟ್ ಒಳ್ಳೆಯದಾ, ಸಿಟ್ರೇಟಾ

ಇಷ್ಟೆಲ್ಲ ತಿನ್ನಿಸಿದರೂ ಬಹಳ ಮಕ್ಕಳಿಗೆ ಊಟ ಒಂದರಿಂದಲೇ ದಿನದ ಕ್ಯಾಲ್ಸಿಯಂ ಲೆಕ್ಕ ಮುಟ್ಟುವುದು ಕಷ್ಟ. ಎಷ್ಟು ಕಡಿಮೆ ಬೀಳುತ್ತದೆ ಅಂತ ಡಾಕ್ಟರ್ ಅಥವಾ ಆಹಾರ ತಜ್ಞರು ಲೆಕ್ಕ ಹಾಕಿ, ಅಷ್ಟಕ್ಕೆ ಗುಳಿಗೆ ಬರೆಯುತ್ತಾರೆ.

ಪೊಟ್ಟಣದ ಮೇಲಿನ ದೊಡ್ಡ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಅಂದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಸಿಟ್ರೇಟ್ 1000 ಅಂದರೆ ನಿಜವಾದದ್ದು ಬರೀ 210ರ ಹತ್ತಿರ. ಕಾರ್ಬೊನೇಟ್ ಅಗ್ಗ, ಗುಳಿಗೆ ಕಡಿಮೆ ಸಾಕು, ಆದರೆ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆಗೇ ಕೊಡಬೇಕು. ಕೆಲವು ಮಕ್ಕಳಿಗೆ ಮಲ ಗಟ್ಟಿಯಾಗುತ್ತದೆ. ಸಿಟ್ರೇಟ್ ಬರಿಹೊಟ್ಟೆಯಲ್ಲೂ ನಡೆಯುತ್ತದೆ. ಆಮ್ಲ ಕಡಿಮೆ ಮಾಡುವ ಗ್ಯಾಸ್ಟ್ರಿಕ್ ಗುಳಿಗೆ ನುಂಗುವವರಿಗೂ ಅದೇ ಸರಿ, ಆದರೆ ದುಬಾರಿ, ಸಂಖ್ಯೆಯೂ ಜಾಸ್ತಿ. ಮಲಬದ್ಧತೆ ಇಲ್ಲದ ಮಗುವಿಗೆ ಕಾರ್ಬೊನೇಟ್ ಸಾಕು ಅನ್ನುವುದು ನನ್ನ ಅನುಭವ. ಯಾವುದೇ ಇರಲಿ, ಒಂದು ಸಲಕ್ಕೆ 500 ಮಿ.ಗ್ರಾಂ ದಾಟಬೇಡಿ, ಹಂಚಿ ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ನಡುವೆ ಕೆಲವು ಗಂಟೆ ಬಿಡಿ.

ಆದರೆ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಗುಳಿಗೆಗೆ ಆಕಾರ ಕೊಡಲು ಸೇರಿಸುವ ಪುಡಿ ಬಹಳ ಸಲ ಲ್ಯಾಕ್ಟೋಸೇ ಆಗಿರುತ್ತದೆ. ನಮ್ಮಲ್ಲಿ ಗುಳಿಗೆ ಪಟ್ಟಿಯ ಮೇಲೆ ಔಷಧದ ಹೆಸರು ಬರೆದು, ಉಳಿದದ್ದನ್ನು ಹೆಚ್ಚಾಗಿ 'ಎಕ್ಸಿಪಿಯಂಟ್ಸ್ ಕ್ಯೂಎಸ್' (ಅಂದರೆ ಸೇರಿಸುವ ಬೇರೆ ಪದಾರ್ಥಗಳು, ಬೇಕಾದಷ್ಟು) ಅಂತ ಎರಡು ಪದದಲ್ಲಿ ಮುಗಿಸಿರುತ್ತಾರೆ. ನಾನು ಮೆಡಿಕಲ್ ಶಾಪಿನ ಕಟ್ಟೆ ಮೇಲೆ ಮೊಬೈಲ್ ಬೆಳಕು ಹಾಕಿ ಎಷ್ಟು ಓದಿದರೂ ಸಿಗಲಿಲ್ಲ. "ಏನೂ ಆಗಂಗಿಲ್ಲ ತಗೋರಿ ಅಕ್ಕಾರ" ಅಂದು ಕೊಟ್ಟರು. ಮನೆಗೆ ಬಂದು ಪೊಟ್ಟಣದ ಮೇಲಿದ್ದ ಕಂಪನಿ ನಂಬರಿಗೆ ಫೋನ್ ಮಾಡಿದೆ. ಲ್ಯಾಕ್ಟೋಸ್ ಇತ್ತು. ಒಂದು ಗುಳಿಗೆಯಲ್ಲಿ ಇರುವುದು ಸ್ವಲ್ಪವೇ, ತುರ್ತು ಔಷಧಿಯಾದರೆ ಡಾಕ್ಟರ್ ಕೊಡಿ ಅಂದರೆ ಕೊಡಬೇಕು. ಆದರೆ ಕ್ಯಾಲ್ಸಿಯಂ ವರ್ಷಗಟ್ಟಲೆ ದಿನಾ ನುಂಗುವುದು, ಅದರಲ್ಲಿ ಲ್ಯಾಕ್ಟೋಸ್ ಯಾಕೆ ಬೇಕು? ಇಲ್ಲದ್ದನ್ನು ಹುಡುಕಿ, ಹೆಸರು ಬರೆದಿಟ್ಟುಕೊಳ್ಳಿ, ಅದನ್ನೇ ತನ್ನಿ.

ಹೆಸರು ಕೇಳಿ ಗಾಬರಿ ಆಗುವುದು ಇನ್ನೆರಡು. ಕ್ಯಾಲ್ಸಿಯಂ ಲ್ಯಾಕ್ಟೇಟ್ ಹಾಲಿನದಲ್ಲ, ಅದು ನಡೆಯುತ್ತದೆ. ಕ್ಯಾಲ್ಸಿಯಂ ಲ್ಯಾಕ್ಟೋಬಯೊನೇಟ್‌ನಲ್ಲಿ ಗ್ಯಾಲಕ್ಟೋಸ್ ಇದೆ, ಅದು ಬೇಡ. ಹಲ್ಲು, ಎಲುಬು ಬಲವಾಗಲಿ ಅಂತ ಮಕ್ಕಳಿಗೆ ಕೊಡುವ ಹೋಮಿಯೋಪತಿಯ 'ಕ್ಯಾಲ್ಕೇರಿಯಾ ಫಾಸ್' ಬಿಳಿ ಗುಳಿಗೆಗಳಂತೂ ಹೆಚ್ಚುಕಮ್ಮಿ ಪೂರ್ತಿ ಲ್ಯಾಕ್ಟೋಸೇ. ಸಂಬಂಧಿಕರು ಪ್ರೀತಿಯಿಂದ ತಂದುಕೊಡುತ್ತಾರೆ. ಬೇಡ ಅಂತ ಗಟ್ಟಿಯಾಗಿ ಹೇಳಿ.

ವಿಟಮಿನ್ ಡಿ: ಬಿಸಿಲು, ಹನಿ, ಸ್ಯಾಷೆ

ಕಲಬುರಗಿಯಲ್ಲಿ ಬಿಸಿಲಿಗೇನು ಬರ, ಅಂತ ಎಲ್ಲರೂ ಹೇಳುತ್ತಾರೆ. ಮಗಳ ವಿಟಮಿನ್ ಡಿ ಮೊದಲ ಸಲ ನೋಡಿಸಿದಾಗ 11 ಇತ್ತು. 20ರ ಮೇಲೆ ಇದ್ದರೆ ಸಾಕು ಅಂತಾರೆ, 12ಕ್ಕಿಂತ ಕೆಳಗೆ ಅಂದರೆ ಕೊರತೆ. ಬಿಸಿಲು ಸುಡುತ್ತದೆ ಅಂತ ನಾವು ಮಕ್ಕಳನ್ನು ಒಳಗೇ ಇಟ್ಟುಕೊಳ್ಳುತ್ತೇವೆ, ಸಂಜೆ ಹೊರಗೆ ಬಿಡುತ್ತೇವೆ. ಸಂಜೆಯ ಬಿಸಿಲಲ್ಲಿ ಡಿ ತಯಾರಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಕಿಟಕಿ ಗಾಜಿನ ಒಳಗೆ ಕೂತರೂ ಆಗಲ್ಲ. ಸುಲಭದ ಗುರುತು ನೆರಳು: ನೆರಳು ಮೈಯೆತ್ತರಕ್ಕಿಂತ ಗಿಡ್ಡ ಇರುವಾಗಿನ ಬಿಸಿಲೇ ಕೆಲಸದ್ದು. ಮೇ ತಿಂಗಳಲ್ಲಿ ಬೆಳಿಗ್ಗೆ ಸುಮಾರು 9:30ಕ್ಕೇ ಅದು ಬಂದುಬಿಡುತ್ತದೆ, ಮಧ್ಯಾಹ್ನದ 42 ಡಿಗ್ರಿಗೆ ಯಾರೂ ಹೋಗಬೇಕಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಆಸುಪಾಸಿನಲ್ಲೇ ಸಿಗುವುದು, ಆಗ ಬಿಸಿಲೂ ಹಿತ. ಕೈಕಾಲು ಬಿಟ್ಟು 15–20 ನಿಮಿಷ ಮಾಳಿಗೆ ಮೇಲೆ ಆಡಲಿ.

ಇದಕ್ಕಿಂತ ಜಾಸ್ತಿ ಬೇಕಾದರೆ ದಿನಾ ಹನಿ ಒಳ್ಳೆಯದೋ ವಾರದ ಸ್ಯಾಷೆಯೋ? ದಿನಕ್ಕೆ ಬೇಕಾದದ್ದು ಕೂಸಿಗೆ 400, ದೊಡ್ಡ ಮಕ್ಕಳಿಗೆ 600 ಯೂನಿಟ್. ಸ್ಯಾಷೆಯಲ್ಲಿ ಒಂದೇ ಸಲ 60,000 ಇರುತ್ತದೆ. ಸ್ಯಾಷೆ ಅಗ್ಗ, ನೆನಪಿಟ್ಟುಕೊಳ್ಳುವುದು ಸುಲಭ, ಆದರೆ ವಾರಕ್ಕೊಂದು ಅಂದದ್ದನ್ನು ದಿನಕ್ಕೊಂದು ಅಂತ ತಿಳಿದು ಕೊಟ್ಟ ಮನೆ ನನಗೆ ಗೊತ್ತು. ಆ ಮಗು ವಾಂತಿ, ಬಾಯಾರಿಕೆ ಅಂತ ದವಾಖಾನೆ ಸೇರಿತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಕೊರತೆ ತುಂಬುವ ತನಕ ಡಾಕ್ಟರ್ ಹೇಳಿದಷ್ಟು ವಾರ ಸ್ಯಾಷೆ, ಆಮೇಲೆ ದಿನಾ ಹನಿ, ಹೀಗೆ ನಾವು ಮಾಡಿದ್ದು. 'ಹಾಲಲ್ಲಿ ಕಲಸಿ ಕುಡಿಸಿ' ಅಂತ ಅಭ್ಯಾಸಬಲದಲ್ಲಿ ಹೇಳುತ್ತಾರೆ, ನೀವು ನೀರಲ್ಲೋ ಸೋಯಾದಲ್ಲೋ ಕಲಸಿ.

2006ರಲ್ಲಿ ನೆದರ್‌ಲೆಂಡ್ಸ್‌ನವರು ಈ ಕಾಯಿಲೆಯ 40 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಎರಡು ವರ್ಷ ದಿನಾ ಕ್ಯಾಲ್ಸಿಯಂ 750 ಮಿ.ಗ್ರಾಂ, ವಿಟಮಿನ್ ಕೆ1 1 ಮಿ.ಗ್ರಾಂ, ಡಿ3 400 ಯೂನಿಟ್ ಕೊಟ್ಟರು. ಇನ್ನೂ ದೊಡ್ಡವರಾಗದ ಮಕ್ಕಳ ಎಲುಬು ಚೆನ್ನಾಗಿ ತುಂಬಿಕೊಂಡಿತು. ವಯಸ್ಸು ದಾಟುವ ಮೊದಲೇ ಶುರು ಮಾಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕೆ1 ಸೊಪ್ಪಿನಲ್ಲೇ ಸಿಗುತ್ತದೆ, ಗುಳಿಗೆ ಬೇಕಾ ಅಂತ ಡಾಕ್ಟರನ್ನೇ ಕೇಳಿ.

ಯಾವ ಪರೀಕ್ಷೆ

ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿ ಇಡಿಸಿ ಎರಡು ನಿಮಿಷದಲ್ಲಿ ಚೀಟಿ ಕೊಡುತ್ತಾರಲ್ಲ, ಅದು ದೊಡ್ಡವರಿಗೆ. ಮಗಳಿಗೂ ಒಂದು ಕಡೆ ಮಾಡಿ 'ಎಲುಬು ಸವೆದಿದೆ' ಅಂದುಬಿಟ್ಟರು, ನಾನು ಎರಡು ರಾತ್ರಿ ನಿದ್ದೆ ಮಾಡಿಲ್ಲ. ಅವರು ಕೊಟ್ಟದ್ದು ಟಿ-ಸ್ಕೋರ್, ಅಂದರೆ 11 ವರ್ಷದ ಹುಡುಗಿಯನ್ನು ಪೂರ್ತಿ ಬೆಳೆದ ಹೆಂಗಸಿನ ಎಲುಬಿನ ಜೊತೆ ಹೋಲಿಸಿದ್ದು. ಮಕ್ಕಳಿಗೆ ನೋಡಬೇಕಾದದ್ದು ಝಡ್-ಸ್ಕೋರ್, ಅದೇ ವಯಸ್ಸಿನ ಮಕ್ಕಳ ಜೊತೆ. ಎಕ್ಸ್‌ರೇ ಮುರಿತ ನೋಡಲು ಸರಿ, ಸಾಂದ್ರತೆಗೆ ಅಲ್ಲ. ಎಲುಬಿನ ಸಾಂದ್ರತೆ ಸುಮಾರು 30% ಹೋದ ಮೇಲೇ ಅದರಲ್ಲಿ ಕಾಣುವುದು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. 8–10 ವರ್ಷಕ್ಕೆ ಮೊದಲನೆಯದು ಅಂತ ಅದೇ 2017ರ ಮಾರ್ಗಸೂಚಿ ಹೇಳುತ್ತದೆ. ವಿಕಿರಣ ಬಹಳ ಕಡಿಮೆ, ನೋವಿಲ್ಲ. ಹೋಗುವ ಮೊದಲು ಫೋನ್ ಮಾಡಿ "ಮಕ್ಕಳ ಝಡ್-ಸ್ಕೋರ್ ಕೊಡ್ತೀರಾ?" ಅಂತ ಒಂದೇ ಮಾತು ಕೇಳಿ. ಮಗು ವಯಸ್ಸಿಗಿಂತ ಗಿಡ್ಡ ಇದ್ದರೆ ಎತ್ತರಕ್ಕೆ ಸರಿಹೊಂದಿಸಿ ಓದಬೇಕು, ಅದನ್ನು ಡಾಕ್ಟರಿಗೆ ನೆನಪಿಸಿ. ಮಗಳದ್ದು ಹಾಗೆ ಓದಿದಾಗ ಸ್ವಲ್ಪ ಕಡಿಮೆ ಅಷ್ಟೆ, ಸವೆತ ಏನೂ ಇರಲಿಲ್ಲ.

ಆಟದಲ್ಲಿ ಆಯ್ಕೆ ಸರಳ. ಈಜು, ಸೈಕಲ್ ಮೈಗೆ ಒಳ್ಳೆಯದು, ಆದರೆ ಎಲುಬಿಗೆ ಭಾರ ಬೀಳಬೇಕು: ಹಗ್ಗದಾಟ, ಕುಂಟೆಬಿಲ್ಲೆ, ಖೋಖೋ. ಈ ಕಾಯಿಲೆಯ ಕೆಲವು ಮಕ್ಕಳಿಗೆ ಕೈ ನಡುಕ, ತೋಲ ತಪ್ಪುವುದು ಇರುತ್ತದೆ. ಅಂಥವರಿಗೆ ಮೆಟ್ಟಿಲು ಹತ್ತಿಳಿಯುವುದು, ಮಣ್ಣಿನ ನೆಲದಲ್ಲಿ ಜಿಗಿಯುವುದು ಸಾಕು.

ಹೆಣ್ಣುಮಕ್ಕಳ ತಾಯಂದಿರಿಗೆ

ಈ ಮಾತನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಊಟ ಎಷ್ಟೇ ಸರಿಯಾಗಿ ನಡೆಸಿದರೂ ಈ ಕಾಯಿಲೆಯ ಹೆಣ್ಣುಮಕ್ಕಳಲ್ಲಿ 80%ಕ್ಕಿಂತ ಜಾಸ್ತಿ ಜನರಿಗೆ ಅಂಡಾಶಯ ಬೇಗ ಸೋಲುತ್ತದೆ. ಅಂಡಾಶಯದಿಂದ ಬರುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಸಾಕಷ್ಟು ಬರುವುದಿಲ್ಲ. ಎಲುಬು ತುಂಬಿಕೊಳ್ಳುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಲ್ಲದಿದ್ದರೆ ಎಷ್ಟು ರಾಗಿ, ಎಷ್ಟು ಗುಳಿಗೆ ಕೊಟ್ಟರೂ ಅದು ನಿಲ್ಲುವುದಿಲ್ಲ.

ನಮ್ಮಲ್ಲಿ ಮಗಳು ದೊಡ್ಡಾಕಿ ಆಗುವುದು ತಡವಾದರೆ "ಆಗ್ತಾಳ ಬಿಡು, ನಿಂದೂ ತಡಾನೇ ಆಗಿತ್ತು" ಅಂತ ಮನೆಯಲ್ಲಿ ಸಮಾಧಾನ ಹೇಳುತ್ತಾರೆ. ಬೇರೆ ಮಕ್ಕಳಿಗೆ ಆ ಮಾತು ಸರಿ ಇರಬಹುದು, ನಮ್ಮ ಮಕ್ಕಳಿಗೆ ಕಾಯುವುದು ಬೇಡ. 12 ತುಂಬಿದರೂ ಮೈಯಲ್ಲಿ ಬದಲಾವಣೆ ಕಾಣದಿದ್ದರೆ, ಅಥವಾ 14ಕ್ಕೂ ಮುಟ್ಟು ಸರಿಯಾಗಿ ಬರದಿದ್ದರೆ, ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ ಎಫ್‌ಎಸ್‌ಎಚ್ ಮತ್ತು ಈಸ್ಟ್ರಡಯೋಲ್ (ಅಂಡಾಶಯ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ರಕ್ತ ಪರೀಕ್ಷೆಗಳು) ನೋಡಿಸಿ. ಬೇಕಾದರೆ ಬಹಳ ಸಣ್ಣ ಪ್ರಮಾಣದಿಂದ ಈಸ್ಟ್ರೋಜನ್ ಶುರು ಮಾಡಿ ನಿಧಾನ ಏರಿಸುತ್ತಾರೆ, ಆಮೇಲೆ ಪ್ರೊಜೆಸ್ಟರಾನ್ ಸೇರಿಸುತ್ತಾರೆ. 'ಹಾರ್ಮೋನ್' ಅಂದ ತಕ್ಷಣ ಹೆದರಿ ಆಯುರ್ವೇದ, ನಾಟಿ ಅಂತ ಎರಡು ವರ್ಷ ಕಳೆಯಬೇಡಿ, ಆ ಎರಡು ವರ್ಷದ ಎಲುಬು ಮತ್ತೆ ಸಿಗುವುದು ಕಷ್ಟ. ಅವು ಕೂಡ ಹಾಲಲ್ಲೇ ಕೊಡುವ ಲೇಹ್ಯಗಳಾಗಿರುತ್ತವೆ ಬಹಳ ಸಲ. ಇನ್ನೊಂದು ಮಾತು: ಈ ಹೆಣ್ಣುಮಕ್ಕಳಲ್ಲಿ ಕೆಲವರು ತಾವಾಗಿಯೇ ಬಸಿರಾಗಿ ತಾಯಂದಿರಾಗಿದ್ದಾರೆ. ಮಗಳ ಎದುರಿಗೆ "ಇವಳಿಗೆ ಮಕ್ಕಳಾಗಲ್ಲ" ಅಂತ ಯಾರೂ ಅನ್ನದಂತೆ ನೋಡಿಕೊಳ್ಳಿ.

ಇಂಥ ಡಾಕ್ಟರ್ ಎಲ್ಲ ಊರಲ್ಲಿ ಇರುವುದಿಲ್ಲ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ನಿಮ್ಸ್ ಆಸ್ಪತ್ರೆಯಲ್ಲಿ ಜೆನೆಟಿಕ್ಸ್ (ಜೀನಿನಿಂದ ಬರುವ ಕಾಯಿಲೆಗಳ) ವಿಭಾಗ ಇದೆ. ಬೆಂಗಳೂರಿಗೇ ಹೋಗುವವರಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಹೋಗುವಾಗ ಒಂದು ಫೈಲಿನಲ್ಲಿ ಹುಟ್ಟಿದಾಗಿನ ಕಿಣ್ವ ಪರೀಕ್ಷೆ, ಡೆಕ್ಸಾ, ವಿಟಮಿನ್ ಡಿ, ಮಗಳ ಎತ್ತರ ತೂಕದ ಪಟ್ಟಿ, ಮತ್ತು ಮೂರು ದಿನ ಏನೇನು ತಿಂದಳು ಅಂತ ಬರೆದ ಹಾಳೆ ಇಟ್ಟುಕೊಳ್ಳಿ. ಆ ಹಾಳೆಯಲ್ಲಿ ಗುಳಿಗೆಯ ಹೆಸರೂ ಇರಲಿ, ಲ್ಯಾಕ್ಟೋಸ್ ಇಲ್ಲ ಅಂತ ಕಂಪನಿಯವರು ಯಾವ ದಿನ ಹೇಳಿದರು ಅನ್ನುವುದೂ ಇರಲಿ. ನಮ್ಮ ಮಗಳಿಗೆ ಬರುವ ಶ್ರಾವಣಕ್ಕೆ 12 ತುಂಬುತ್ತದೆ. ಆ ವಾರಕ್ಕೇ ಹೈದರಾಬಾದಿನ ತಾರೀಖು ತೆಗೆದುಕೊಂಡಿದ್ದೇನೆ.